ಗೇರುಪೆಟ್ಟಿಗೆಯ ಕೆಂಪು ತೈಲ

ಕಾರವಾರದಿಂದ ಅಂಕೋಲೆಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಹಟ್ಟಿಕೇರಿಯ ಸುಂಕದ ಕಟ್ಟೆ ಇದೆ. ಅಲ್ಲಿ ಕಾರುಗಳು ಸಾಲಾಗಿ ನಿಂತಾಗ ಒಂದು ಸಂಗತಿಯನ್ನು ಗಮನಿಸಬಹುದು. ಕೆಲವು ಚಾಲಕರು ಎಡಗಾಲಿನಿಂದ ಕ್ಲಚ್ಚನ್ನು ಒತ್ತುತ್ತ, ಕೈಯಿಂದ ಗೇರನ್ನು ಬದಲಿಸುತ್ತ ಮುಂದೆ ಸಾಗುತ್ತಾರೆ. ಮತ್ತೆ ಕೆಲವರ ಎಡಗಾಲಿಗೆ ಕೆಲಸವೇ ಇಲ್ಲ. ಬ್ರೇಕನ್ನು ಸಡಿಲಿಸಿದರೆ ಅವರ ಕಾರು ತಾನಾಗಿಯೇ ತೆವಳುತ್ತದೆ, ಒತ್ತಿದರೆ ನಿಲ್ಲುತ್ತದೆ, ಎಂಜಿನ್ನು ಮಾತ್ರ ತಿರುಗುತ್ತಲೇ ಇರುತ್ತದೆ. ಎಂಜಿನ್ನು ತಿರುಗುತ್ತಿರುವಾಗ ಚಕ್ರಗಳು ನಿಂತಿರುವುದು ಹೇಗೆ? ಅವೆರಡರ ನಡುವೆ ಇರುವುದು ಗಟ್ಟಿಯಾದ ಲೋಹವಲ್ಲ, ತೈಲ ಎಂಬುದೇ ಇದಕ್ಕೆ ಉತ್ತರ.

ಎರಡು ಮೇಜಿನ ಫ್ಯಾನುಗಳನ್ನು ಎದುರುಬದುರಾಗಿ ಇಟ್ಟು ಒಂದಕ್ಕೆ ಮಾತ್ರ ವಿದ್ಯುತ್ತನ್ನು ಕೊಡಿರಿ. ಅದರ ಗಾಳಿಯ ಬಲದಿಂದ ಎರಡನೆಯದೂ ತಿರುಗತೊಡಗುವುದು. ಎರಡನೆಯದನ್ನು ಕೈಯಿಂದ ತಡೆದು ನಿಲ್ಲಿಸಿದರೂ ಮೊದಲನೆಯದು ನಿಲ್ಲುವುದಿಲ್ಲ. ಸ್ವಯಂಚಾಲಿತ ಗೇರುಪೆಟ್ಟಿಗೆಯ ಟಾರ್ಕ್ ಕನ್ವರ್ಟರಿನಲ್ಲಿ ಗಾಳಿಯ ಬದಲು ತೈಲವಿದೆ. ಎಂಜಿನ್ನು ತಿರುಗಿಸುವ ಪಂಪು ತೈಲವನ್ನು ಎಸೆಯುತ್ತದೆ. ಆ ತೈಲವು ಟರ್ಬೈನನ್ನು ತಿರುಗಿಸುತ್ತದೆ. ನಡುವಿನ ಸ್ಟೇಟರು ಮರಳುವ ತೈಲದ ದಿಕ್ಕನ್ನು ತಿದ್ದಿ ತಿರುಗುಬಲವನ್ನು ಹೆಚ್ಚಿಸುತ್ತದೆ. ಜರ್ಮನಿಯ ಹರ್ಮನ್ ಫ್ಯೋಟಿಂಗರ್ 1905ರಲ್ಲಿ ಹಡಗುಗಳಿಗಾಗಿ ರೂಪಿಸಿದ ಈ ಉಪಾಯವು, 1948ರಲ್ಲಿ ಅಮೆರಿಕದ ಬ್ಯೂಕ್ ಕಾರಿನ ಡೈನಾಫ್ಲೋ ಗೇರುಪೆಟ್ಟಿಗೆಯಲ್ಲಿ ಕಾಣಿಸಿಕೊಂಡಿತು.

ಶಕ್ತಿಯನ್ನು ಸಾಗಿಸುವುದಲ್ಲದೆ ಈ ತೈಲಕ್ಕೆ ಇನ್ನೂ ಮೂರು ಕೆಲಸಗಳಿವೆ. ತನ್ನ ಒತ್ತಡದಿಂದ ಒಳಗಿನ ಕ್ಲಚ್ಚುಗಳನ್ನು ಅದುಮಿ ಗೇರನ್ನು ಬದಲಿಸಬೇಕು; ಹಲ್ಲುಚಕ್ರಗಳ ಸವೆತವನ್ನು ತಡೆಯಬೇಕು; ಉಷ್ಣವನ್ನು ಹೊರಕ್ಕೆ ಒಯ್ಯಬೇಕು. ಇಲ್ಲಿ ಒಂದು ವಿರೋಧವಿದೆ. ಹಲ್ಲುಗಳ ನಡುವೆ ತೈಲ ಜಾರಬೇಕು. ಆದರೆ ಅದೇ ತೈಲದಲ್ಲಿ ಮುಳುಗಿರುವ ಕ್ಲಚ್ಚಿನ ಫಲಕಗಳು ಒಂದನ್ನೊಂದು ಹಿಡಿದುಕೊಳ್ಳಬೇಕು. ಇವೆರಡನ್ನೂ ಸರಿದೂಗಿಸಲು ತೈಲಕ್ಕೆ ಹಲವು ರಾಸಾಯನಿಕಗಳನ್ನು ಬೆರೆಸುತ್ತಾರೆ. 1970ರ ದಶಕದ ಆರಂಭದವರೆಗೆ ಇದಕ್ಕಾಗಿ ತಿಮಿಂಗಿಲದ ಎಣ್ಣೆಯನ್ನೂ ಬಳಸುತ್ತಿದ್ದರು. ಸೋರಿದಾಗ ಎಂಜಿನ್ನಿನ ಎಣ್ಣೆಯಿಂದ ಬೇರೆಯಾಗಿ ಗುರುತಿಸಲೆಂದು ಸಾಮಾನ್ಯವಾಗಿ ಇದಕ್ಕೆ ಕೆಂಪು ಬಣ್ಣ ಹಾಕಿರುತ್ತಾರೆ.

ಇಂಥ ತೈಲವು ಕೆಡುವುದೇಕೆ? ಉಷ್ಣದಿಂದ. ಅಂಕೋಲೆಯಿಂದ ಯಲ್ಲಾಪುರದ ಕಡೆಗೆ ಅರಬೈಲು ಘಟ್ಟವನ್ನು ಹತ್ತುವ ಕಾರೊಂದನ್ನು ಊಹಿಸೋಣ. ತೂಕ 1,500 ಕಿಲೋಗ್ರಾಂ, ಏರು 400 ಮೀಟರ್ ಎಂದುಕೊಂಡರೆ ಎತ್ತರಕ್ಕೇರಲು ಬೇಕಾದ ಶಕ್ತಿ ಸುಮಾರು 59 ಲಕ್ಷ ಜೂಲ್. ಕನ್ವರ್ಟರಿಗೆ ಬಂದ ಶಕ್ತಿಯಲ್ಲಿ ನೂರಕ್ಕೆ ಹತ್ತರಷ್ಟು ತೈಲದಲ್ಲಿಯೇ ಉಳಿದರೆ ಅದು ಸುಮಾರು 6.5 ಲಕ್ಷ ಜೂಲ್. 8 ಲೀಟರ್ ತೈಲದ ಉಷ್ಣತೆಯನ್ನು 48 ಸೆಲ್ಸಿಯಸ್ ಡಿಗ್ರಿಗಳಷ್ಟು ಏರಿಸಲು ಇಷ್ಟು ಸಾಕು! ತೈಲವನ್ನು ತಂಪುಮಾಡುವ ಕೂಲರು ಇರುವುದರಿಂದಲೂ, ಈಗಿನ ಕನ್ವರ್ಟರುಗಳಲ್ಲಿ ಜಾರುವಿಕೆಯನ್ನು ತಪ್ಪಿಸುವ ಬೀಗದ ಕ್ಲಚ್ಚು ಇರುವುದರಿಂದಲೂ ನಿಜವಾದ ಏರಿಕೆ ಇದಕ್ಕಿಂತ ಕಡಿಮೆ. ಆದರೂ ಉಷ್ಣತೆ 10 ಡಿಗ್ರಿ ಏರಿದಂತೆಲ್ಲ ತೈಲದ ಉತ್ಕರ್ಷಣದ ವೇಗ ಸುಮಾರು ಎರಡು ಪಟ್ಟಾಗುವುದೆಂಬ ಸ್ಥೂಲ ನಿಯಮವನ್ನು ನೆನೆದರೆ, ಘಟ್ಟದ ದಾರಿ ತೈಲಕ್ಕೆ ಎಷ್ಟು ಕಠಿನವೆಂಬುದು ತಿಳಿಯುತ್ತದೆ.

ಈ ಪಾಠವನ್ನು ನಾನು ಹಣ ತೆತ್ತು ಕಲಿತೆ. ಹಳೆಯ ಕಾರೊಂದನ್ನು ಕೊಂಡಾಗ, ಅದರ ಗೇರುಪೆಟ್ಟಿಗೆಯ ತೈಲವನ್ನು ಆಯುಷ್ಯವಿಡೀ ಬದಲಿಸಬೇಕಾಗಿಲ್ಲವೆಂದು ಒಬ್ಬರು ಹೇಳಿದರು, ನಂಬಿದೆ. ಯಾರ ಆಯುಷ್ಯ ಎಂದು ಕೇಳಲು ಮರೆತೆ. ಒಂದು ಮಳೆಗಾಲದ ಸಂಜೆ ಅರಬೈಲಿನ ತಿರುವಿನಲ್ಲಿ ಎಂಜಿನ್ನು ಅಬ್ಬರಿಸಿತು, ಕಾರು ಮಾತ್ರ ಮುಂದೆ ಹೋಗಲಿಲ್ಲ. ಹಿಂದೆ ಲಾರಿಗಳ ಸಾಲು, ಪಕ್ಕದಲ್ಲಿ ಅಂಜಿ ಕುಳಿತ ಮನೆಯವರು. ಆಮೇಲೆ ಪೆಟ್ಟಿಗೆಯನ್ನು ಬಿಚ್ಚಿದಾಗ ಕೆಂಪು ತೈಲವು ಕಪ್ಪಾಗಿ ಸುಟ್ಟ ವಾಸನೆ ಬೀರುತ್ತಿತ್ತು. ಕ್ಲಚ್ಚಿನ ಫಲಕಗಳು ಸವೆದುಹೋಗಿದ್ದವು. ಆಗ ಹೊಸ ತೈಲದಿಂದ ಪ್ರಯೋಜನವಿರಲಿಲ್ಲ. ತೈಲವು ಸವೆತವನ್ನು ತಡೆಯಬಲ್ಲುದು. ಸವೆದುದನ್ನು ಮರಳಿ ಬೆಳೆಸಲಾರದು.

ಬದಲಿಸುವ ಕ್ರಮವನ್ನು ಈಗ ನೋಡೋಣ. ಕಾರನ್ನು ಸಮತಲದಲ್ಲಿ ನಿಲ್ಲಿಸಿ, ಚಕ್ರಗಳಿಗೆ ಅಡ್ಡೆ ಕೊಟ್ಟು, ಗಟ್ಟಿಯಾದ ಆಧಾರಗಳ ಮೇಲೆ ಮಟ್ಟವಾಗಿ ಕೂರಿಸಬೇಕು. ಬರಿಯ ಜಾಕಿಯನ್ನು ನಂಬಿ ಕಾರಿನ ಅಡಿಗೆ ಹೋಗುವುದು ಪ್ರಾಣಾಪಾಯಕರ. ತೈಲ ಉಗುರುಬೆಚ್ಚಗಿದ್ದರೆ ಸುಲಭವಾಗಿ ಇಳಿಯುತ್ತದೆ. ಬಿಸಿಯಾಗಿದ್ದರೆ ಕೈ ಸುಡುತ್ತದೆ. ಇಳಿಸುವ ಮೊದಲು ತುಂಬುವ ತಿರುಪು ಬಿಚ್ಚಲು ಬರುವುದೇ ಎಂದು ನೋಡಿಕೊಳ್ಳಬೇಕು. ಆಮೇಲೆ ತಳದ ತಟ್ಟೆಯನ್ನು ಬಿಚ್ಚಿ ಅದರ ಅಯಸ್ಕಾಂತವನ್ನು ಪರೀಕ್ಷಿಸಬೇಕು. ನುಣ್ಣನೆಯ ಬೂದುಬಣ್ಣದ ಮೆತ್ತೆ ಸಹಜವಾದ ಸವೆತದ ಗುರುತು. ಲೋಹದ ಚೂರುಗಳಿದ್ದರೆ ಒಳಗೆ ಏನೋ ಮುರಿಯುತ್ತಿದೆ ಎಂದು ತಿಳಿಯಬೇಕು. ಫಿಲ್ಟರು ಕಟ್ಟಿಕೊಂಡರೆ ಪಂಪಿಗೆ ತೈಲ ಸಾಲದೆ ಒತ್ತಡ ತಗ್ಗಿ ಕ್ಲಚ್ಚು ಜಾರುತ್ತದೆ. ಆದುದರಿಂದ ಅದನ್ನೂ ತಟ್ಟೆಯ ಗ್ಯಾಸ್ಕೆಟ್ಟನ್ನೂ ಹೊಸದಾಗಿ ಹಾಕಬೇಕು. ಕೆಲವು ಪೆಟ್ಟಿಗೆಗಳಲ್ಲಿ ಫಿಲ್ಟರು ಒಳಗಡೆ ಇರುವುದರಿಂದ ಹೀಗೆ ಕೈಗೆ ಸಿಗುವುದಿಲ್ಲ.

ಇಳಿದ ತೈಲವನ್ನು ಅಳೆದು, ಮೊದಲಿಗೆ ಅಷ್ಟನ್ನೇ ತುಂಬಬೇಕು. ಎಂಜಿನ್ನನ್ನು ನಡೆಸಿ, ಬ್ರೇಕನ್ನು ಒತ್ತಿ, ಎಲ್ಲ ಗೇರುಗಳಿಗೂ ಹಾಕಿ ತೆಗೆದ ಮೇಲೆ, ಕೈಪಿಡಿಯಲ್ಲಿ ಹೇಳಿದ ಉಷ್ಣತೆಯಲ್ಲಿಯೇ ಮಟ್ಟವನ್ನು ನೋಡಬೇಕು. 8 ಲೀಟರ್ ತೈಲವು 50 ಡಿಗ್ರಿ ಕಾದರೆ ಕಾಲು ಲೀಟರಿಗಿಂತ ಹೆಚ್ಚು ಹಿಗ್ಗುತ್ತದೆ. ತೈಲ ಕಡಿಮೆಯಾದರೆ ಪಂಪು ಗಾಳಿಯನ್ನು ಹೀರುತ್ತದೆ. ಹೆಚ್ಚಾದರೆ ತಿರುಗುವ ಚಕ್ರಗಳು ಅದನ್ನು ಕಡೆದು ನೊರೆ ಮಾಡುತ್ತವೆ. ನೊರೆಯೊಳಗಿನ ಗಾಳಿ ಕುಗ್ಗುವುದರಿಂದ ಎರಡೂ ಸಂದರ್ಭಗಳಲ್ಲಿ ಒತ್ತಡ ನಿಲ್ಲದು. ಕನ್ವರ್ಟರಿನಲ್ಲಿ ನಿಂತ ತೈಲವು ಇಳಿಯದ ಕಾರಣ, ಒಮ್ಮೆಗೆ ಬದಲಾಗುವುದು ಬಹುಮಟ್ಟಿಗೆ ಅರ್ಧ ಅಥವಾ ಅದಕ್ಕೂ ಕಡಿಮೆ ಎಂಬುದು ನೆನಪಿರಲಿ.

ಎಲ್ಲ ಸ್ವಯಂಚಾಲಿತ ಕಾರುಗಳೂ ಒಂದೇ ಬಗೆಯವಲ್ಲ. ಭಾರತದಲ್ಲಿ 2014ರಿಂದ ಬಳಕೆಗೆ ಬಂದ ಎ.ಎಂ.ಟಿ. ಕಾರುಗಳಲ್ಲಿ ಕನ್ವರ್ಟರೇ ಇಲ್ಲ. ಸಾಧಾರಣ ಗೇರುಪೆಟ್ಟಿಗೆಯ ಕ್ಲಚ್ಚನ್ನು ಯಂತ್ರವು ಒತ್ತುತ್ತದೆ. ಲೋಹದ ಪಟ್ಟಿಯ ಸಿ.ವಿ.ಟಿ.ಗೆ ಬೇರೆಯದೇ ತೈಲ ಬೇಕು. ಯಾವ ತೈಲ, ಎಷ್ಟು ಕಿಲೋಮೀಟರಿಗೆ ಎಂಬುದಕ್ಕೆ ತಯಾರಕರ ಕೈಪಿಡಿಯೇ ಪ್ರಮಾಣ. ಘಟ್ಟವನ್ನು ಹತ್ತುವ, ಸಾಲಿನಲ್ಲಿ ತೆವಳುವ ಕಾರುಗಳಿಗೆ ಅನೇಕ ಕೈಪಿಡಿಗಳು ಬೇಗನೆ ಬದಲಿಸಲು ಹೇಳುತ್ತವೆ. ಬಳಸಿದ ತೈಲವನ್ನು ಮಣ್ಣಿಗೆ ಸುರಿಯದೆ, ಅದನ್ನು ಸಂಗ್ರಹಿಸುವವರಿಗೆ ಒಪ್ಪಿಸಬೇಕು. ನಮ್ಮ ಕರಾವಳಿಯ ಹಳ್ಳಗಳು ಬೇಗನೆ ಕಡಲನ್ನು ಸೇರುತ್ತವೆ.

ಗೇರುಪೆಟ್ಟಿಗೆಯ ಹಲ್ಲುಚಕ್ರದಂತೆ ಅದರ ತೈಲವೂ ಒಂದು ಅಂಗ. ದ್ರವವಾಗಿದೆ ಎಂದ ಮಾತ್ರಕ್ಕೆ ಅದು ಸವೆಯುವುದಿಲ್ಲವೆಂದು ತಿಳಿಯಬಾರದು.