ಗದ್ದೆಯ ಗೊಬ್ಬರ, ಕಡಲಿನ ಪಾಚಿ



ಗದ್ದೆಗೆ ಯೂರಿಯಾ ಎರಚಿದ ಮಾರನೆಯ ದಿನವೇ ಜಡಿಮಳೆ ಸುರಿದು, ಬದು ಒಡೆದು, ನೀರೆಲ್ಲ ತೋಡಿಗೆ ಹರಿಯಿತು ಅನ್ನಿ. “ಹೋಯ್ತಪ್ಪಾ ನನ್ನ ಗೊಬ್ಬರ” ಅಂತ ನೀವು ತಲೆ ಮೇಲೆ ಕೈಯಿಟ್ಟು ಕೂರುತ್ತೀರಿ. ಹೋದದ್ದು ಎಲ್ಲಿಗೆ? ತೋಡಿನಿಂದ ಹೊಳೆಗೆ, ಹೊಳೆಯಿಂದ ಅಳಿವೆಗೆ, ಅಲ್ಲಿಂದ ಕಡಲಿಗೆ. ಅಲ್ಲಿ ಅದು ಏನು ಮಾಡುತ್ತದೆ ಎಂಬುದೇ ಇವತ್ತಿನ ಮಾತು.

ಕಡಲ ನೀರಿನಲ್ಲೂ ಒಂದು ಬೆಳೆ ಇದೆ. ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿ ಅದು. ಮೀನಿನ ಮರಿಗೂ ಚಿಪ್ಪಿಗೂ ಅದೇ ಮೇವು. ಆದ್ದರಿಂದ ಪಾಚಿಯೆಲ್ಲ ಕೆಟ್ಟದ್ದೆಂದು ತಿಳಿಯಬೇಡಿ. ನಿಮ್ಮ ಭತ್ತಕ್ಕೆ ಬೇಕಾದ ಸಾರಜನಕ, ರಂಜಕಗಳೇ ಅದಕ್ಕೂ ಬೇಕು. ಇವು ಮಿತಿಮೀರಿ ಸಿಕ್ಕಿ, ಮೇಲೆ ಒಳ್ಳೆ ಬಿಸಿಲೂ ಬಿದ್ದರೆ, ಕೆಲವೇ ದಿನಗಳಲ್ಲಿ ಪಾಚಿ ದಟ್ಟವಾಗಿ ನೀರು ಕೆಂಪೋ ಹಸುರೋ ಆಗಿಬಿಡುತ್ತದೆ. ಆಮೇಲೆ ಅದು ಸತ್ತು ಕೊಳೆಯುವಾಗ ನೀರಿನಲ್ಲಿದ್ದ ಆಮ್ಲಜನಕ ತೀರಿ, ಮೀನು ಉಸಿರುಕಟ್ಟಿ ಸಾಯುತ್ತದೆ.

ಕೆಲವು ಜಾತಿಯ ಪಾಚಿಯಲ್ಲಿ ವಿಷವೇ ಇರುತ್ತದೆ. ಅದನ್ನು ತಿಂದ ಮರುವಾಯಿ ಚೆನ್ನಾಗಿಯೇ ಇರುತ್ತದೆ. ಮರುವಾಯಿ ತಿಂದ ಮನುಷ್ಯನಿಗೆ ಆಪತ್ತು. 1983ರಲ್ಲಿ ಮಂಗಳೂರಿನ ದಕ್ಷಿಣಕ್ಕೆ ಕುಂಬಳೆಯ ಅಳಿವೆಯ ಚಿಪ್ಪು ತಿಂದವರಿಗೆ ಹೀಗಾಗಿ ಜೀವಹಾನಿಯೂ ಆಯಿತು. ಅದಕ್ಕೆ ಗೊಬ್ಬರವೇ ಕಾರಣವೆಂದು ನಾನು ಹೇಳುತ್ತಿಲ್ಲ. ಆದರೆ ಈ ವಿಷ ಬೇಯಿಸಿದರೂ ಹೋಗದು, ಇದು ನೆನಪಿರಲಿ. ಚಿಪ್ಪು ತಿಂದ ಮೇಲೆ ತುಟಿ, ನಾಲಗೆ ಜುಂ ಎಂದರೆ ಮನೆಮದ್ದು ಮಾಡುತ್ತಾ ಕೂರಬೇಡಿ, ಕೂಡಲೇ ಆಸ್ಪತ್ರೆಗೆ ಓಡಿ.

ಹಾಗಾದರೆ ತಪ್ಪೆಲ್ಲ ರೈತನದೇ? ಖಂಡಿತ ಅಲ್ಲ. ಮಳೆಗಾಲದಲ್ಲಿ ನಮ್ಮ ಪಡುಗಡಲಿನ ತಳದ ನೀರು ತಾನಾಗಿಯೇ ಮೇಲಕ್ಕೆ ಬಂದು ಸಾರ ತರುತ್ತದೆ; ಅದು ಪ್ರಕೃತಿಯ ಕೆಲಸ. ಪೇಟೆಯ ಚರಂಡಿ, ಕಾರ್ಖಾನೆಯ ಕೊಳೆನೀರು, ಸಿಗಡಿ ಕೆರೆಗಳಿಂದ ಬಿಡುವ ನೀರು, ಇವೂ ಸೇರುತ್ತವೆ. ಜಪಾನಿನ ಸೆಟೊ ಒಳಗಡಲಿನ ಸುತ್ತ ಪೇಟೆಗಳೂ ಕಾರ್ಖಾನೆಗಳೂ ತುಂಬಿಕೊಂಡಿದ್ದವು. 1972ರಲ್ಲಿ ಅಲ್ಲಿ ಕೆಂಪು ನೀರು ಬಂದು, ಸಾಕಿದ್ದ ಸುಮಾರು 1 ಕೋಟಿ 40 ಲಕ್ಷ ಮೀನು ಸತ್ತವು. ಮರುವರ್ಷವೇ ಸರ್ಕಾರ ಕೊಳೆನೀರಿಗೆ ಕಟ್ಟುನಿಟ್ಟಿನ ಕಾನೂನು ತಂದಿತು. ಗುಣ ಒಮ್ಮೆಲೇ ಕಾಣಲಿಲ್ಲ: 1976ರಲ್ಲಿ ಕೆಂಪು ನೀರು 299 ಸಲ ಬಂತು. ಆಮೇಲೆ ಇಳಿಯುತ್ತಾ ಇಳಿಯುತ್ತಾ ವರ್ಷಕ್ಕೆ ನೂರರ ಆಸುಪಾಸಿಗೆ ನಿಂತಿತು.

ಇನ್ನು ನಮ್ಮ ಗದ್ದೆಯ ಲೆಕ್ಕ. 45 ಕಿಲೋ ಯೂರಿಯಾ ಚೀಲದಲ್ಲಿ ಸಾರಜನಕ ಸುಮಾರು 21 ಕಿಲೋ. ಅದರಲ್ಲಿ ಅರ್ಧವೂ ಭತ್ತದ ಪೈರಿಗೆ ದಕ್ಕದಿರುವುದೇ ಹೆಚ್ಚು. ಉಳಿದದ್ದರಲ್ಲಿ ಗಾಳಿಗೆ ಹೋಗುವುದಿಷ್ಟು, ನೀರಿಗೆ ಹೋಗುವುದಿಷ್ಟು. ದುಡ್ಡು ಕೊಟ್ಟವರು ಮಾತ್ರ ನೀವು! ಅದಕ್ಕೇ ಒಂದೇ ಸಲ ಸುರಿಯದೆ ನಾಟಿಯಲ್ಲಿ, ತೆಂಡೆ ಒಡೆಯುವಾಗ, ತೆನೆ ಕಟ್ಟುವ ಮುಂಚೆ ಎಂದು ಹಂಚಿ ಹಾಕಿ. ಮಳೆ ಹೊಳವು ಕೊಟ್ಟ ದಿನ ನೋಡಿ, ನಿಂತ ನೀರು ಬಸಿದು, ಗೊಬ್ಬರ ಎರಚಿ, ನೀರು ಬಿಡುವ ಕಂಡಿಯನ್ನು ಭದ್ರವಾಗಿ ಮುಚ್ಚಿ. ಒಂದೆರಡು ದಿನ ಬಿಟ್ಟು ಮತ್ತೆ ನೀರು ಕಟ್ಟಿ.

ಸಗಣಿ ಗೊಬ್ಬರಕ್ಕೂ ಇದೇ ಮಾತು. ತೋಡಿನ ಅಂಚಿನಲ್ಲಿ ತಿಪ್ಪೆಗುಂಡಿ ಇದ್ದರೆ ಮಳೆಗಾಲಕ್ಕೆ ಮೊದಲೇ ಅದನ್ನು ಎತ್ತರದ ಜಾಗಕ್ಕೆ ಸಾಗಿಸಿ, ಮೇಲೊಂದು ಮಡಲಿನ ಚಪ್ಪರ ಹಾಕಿಬಿಡಿ.