ಅಂಚೆಯ ನೆಲ ಯಾರ ಸ್ವತ್ತು?

ಭಾರತೀಯ ಅಂಚೆ ಇಲಾಖೆಯ ಒಂದು ವಿರೋಧಾಭಾಸ ನನ್ನನ್ನು ಬಹುಕಾಲದಿಂದ ಕಾಡುತ್ತಿದೆ. ಅದರ ಅನೇಕ ಕಚೇರಿಗಳು ಬಾಡಿಗೆ ಕಟ್ಟಡಗಳಲ್ಲಿವೆ. ಇತ್ತ ಕಟ್ಟಡಕ್ಕೆಂದೇ ಪಡೆದ ನಿವೇಶನಗಳು ಪಾಳುಬಿದ್ದಿರುವುದನ್ನು ಮಹಾಲೇಖಪಾಲರ ವರದಿಗಳು ಎತ್ತಿ ತೋರಿಸಿವೆ. ಹಾಗಾದರೆ ಮಾರಿಬಿಡುವುದೇ ಪರಿಹಾರವೆ?

ಬ್ರಿಟನ್ನಿನ ಅನುಭವ ಎಚ್ಚರಿಸುತ್ತದೆ. ಅಲ್ಲಿನ ಸರ್ಕಾರ 2013ರಲ್ಲಿ ರಾಯಲ್ ಮೇಲ್ ಷೇರುಗಳನ್ನು ತಲಾ 330 ಪೆನ್ಸ್‌ನಂತೆ ಮಾರಲಾರಂಭಿಸಿ, 2015ರ ಹೊತ್ತಿಗೆ ತನ್ನ ಪಾಲನ್ನೆಲ್ಲ ಕಳಚಿಕೊಂಡಿತು. 2017ರಲ್ಲಿ ಆ ಕಂಪೆನಿ ಲಂಡನ್ನಿನ ಮೌಂಟ್ ಪ್ಲೆಸೆಂಟ್‌ನ ಹೆಚ್ಚುವರಿ ಜಾಗವನ್ನು 19.35 ಕೋಟಿ ಪೌಂಡ್‌ಗೆ ಮಾರಲು ಒಪ್ಪಿದಾಗ ಅದರ ಫಲ ಷೇರುದಾರರದಾಯಿತು, ಪ್ರಜೆಗಳದಲ್ಲ.

ಮಾರಿದ ನೆಲ ಮರಳಿ ಬಾರದು. ನಮ್ಮ ಇಲಾಖೆ ಮೊದಲು ದಾಖಲೆಗಳನ್ನು ಸರಿಪಡಿಸಲಿ, ಖಾಲಿ ನಿವೇಶನಗಳಲ್ಲಿ ಸ್ವಂತ ಕಚೇರಿ ಕಟ್ಟಲಿ. ಮಿಕ್ಕಿದ್ದನ್ನು ಗುತ್ತಿಗೆಗೆ ನೀಡಿ ಆದಾಯವನ್ನು ಹಳ್ಳಿಯ ಅಂಚೆಗೆ ಮೀಸಲಿಡಲಿ. ಈ ಸ್ವತ್ತಿಗೆ ಅದು ಕಾವಲುಗಾರನೇ ಹೊರತು ಒಡೆಯನಲ್ಲ.