ಶೆಪ್ ಜಿಗಿಯುತ್ತದೆ, ಸಕ್ರೆಬೈಲಿನ ಆನೆ ಏಕೆ ಜಿಗಿಯದು?

ಜಾರ್ಜ್‌ನ ಲೆಕ್ಕದಲ್ಲಿ ಶೆಪ್ ಆನೆಯಲ್ಲ, ನಾಯಿ. ಕರೆದರೆ ಓಡಿ ಬರುತ್ತದೆ, ಎಸೆದದ್ದನ್ನು ತಂದುಕೊಡುತ್ತದೆ, ಖುಷಿಯಾದರೆ ನಾಲ್ಕೂ ಕಾಲೆತ್ತಿ ನೆಗೆಯುತ್ತದೆ. 1967ರಲ್ಲಿ ಅಮೆರಿಕದ ಎಬಿಸಿ ವಾಹಿನಿಯಲ್ಲಿ ಬಂದ ‘ಜಾರ್ಜ್ ಆಫ್ ದಿ ಜಂಗಲ್’ ಕಾರ್ಟೂನಿನ ಕಾಡು ಇಂಥದ್ದು. ಟಾರ್ಜನ್ ಕಥೆಗಳನ್ನು ಅಣಕಿಸಲೆಂದೇ ಜೇ ವಾರ್ಡ್ ಮತ್ತು ಬಿಲ್ ಸ್ಕಾಟ್ ಕಟ್ಟಿದ ಸರಣಿ ಅದು. ಬಂದದ್ದು ಬರೀ 17 ಕಂತು. ಟಾರ್ಜನ್ ಬಳ್ಳಿ ಹಿಡಿದು ಗತ್ತಿನಿಂದ ಮರದಿಂದ ಮರಕ್ಕೆ ತೇಲಿದರೆ, ಜಾರ್ಜ್ ಅದೇ ಬಳ್ಳಿ ಹಿಡಿದು ನೇರ ಹೋಗಿ ಮರಕ್ಕೆ ಡಿಕ್ಕಿ ಹೊಡೆಯುತ್ತಾನೆ.

ಮೂವತ್ತು ವರ್ಷದ ಮೇಲೆ, 1997ರಲ್ಲಿ, ಡಿಸ್ನಿ ಕಂಪನಿ ಇದನ್ನೇ ನಟರನ್ನಿಟ್ಟು ಸಿನಿಮಾ ಮಾಡಿತು. ಸ್ಯಾಮ್ ವೈಸ್‌ಮನ್ ನಿರ್ದೇಶನ, ಬ್ರೆಂಡನ್ ಫ್ರೇಸರ್ ಜಾರ್ಜ್. ಶೆಪ್ ಪಾತ್ರಕ್ಕೆ ತಾಯ್ ಎಂಬ ಪಳಗಿದ ಆನೆ ಬಂತು. ಆದರೆ ತಾಯ್‌ಗೆ ನಡೆಯಲು, ಸೊಂಡಿಲು ಎತ್ತಲು, ಕೂರಲು ಬರುತ್ತಿತ್ತು, ನಾಯಿಯಂತೆ ಜಿಗಿಯಲು ಬರುತ್ತಿರಲಿಲ್ಲ. ಅಲ್ಲಿಗೆ ಕಂಪ್ಯೂಟರಿನಲ್ಲಿ ಮಾಡಿದ ಆನೆ ಬೇಕಾಯಿತು. ನಿಜದ ಆನೆ ನಿಂತು ಲೆಕ್ಕದ ಆನೆ ಶುರುವಾಗುವ ಆ ಗಡಿ ಯಾವುದು? ವಿಜ್ಞಾನಕ್ಕೆ ಅಲ್ಲೇ ಕೆಲಸ.

ಶಿವಮೊಗ್ಗದ ನವುಲೆಯಲ್ಲಿ ಇದ್ದವರಿಗೆ ಈ ಗಡಿ ನೋಡಲು ಬಹುದೂರ ಹೋಗಬೇಕಾಗಿಲ್ಲ. ಶಿವಮೊಗ್ಗ ಪೇಟೆ ದಾಟಿ ತೀರ್ಥಹಳ್ಳಿ ರಸ್ತೆ ಹಿಡಿದರೆ, ಗಾಜನೂರಿನ ಬಳಿ ತುಂಗೆಯ ಹಿನ್ನೀರಿನ ದಂಡೆಯಲ್ಲಿ ಸಕ್ರೆಬೈಲು ಆನೆ ಬಿಡಾರ ಇದೆ. ಬೆಳಗಿನ ಹೊತ್ತು ಮಾವುತರೂ ಕಾವಾಡಿಗಳೂ ಆನೆಗಳನ್ನು ಹೊಳೆಗಿಳಿಸಿ ಮೈ ಉಜ್ಜುತ್ತಾರೆ. ಆನೆ ದಂಡೆಯ ಇಳಿಜಾರು ಇಳಿಯುವುದನ್ನು ಗಮನಿಸಿ. ಒಂದು ಮುಂಗಾಲು ಊರುತ್ತದೆ, ಸ್ವಲ್ಪ ಭಾರ ಬಿಟ್ಟು ನೋಡುತ್ತದೆ, ನೆಲ ಗಟ್ಟಿ ಎಂದು ಖಾತ್ರಿಯಾದ ಮೇಲೇ ಇನ್ನೊಂದು ಕಾಲು ಎತ್ತುತ್ತದೆ. ಚಿಕ್ಕ ಮಕ್ಕಳು ಎಗರಿ ಇಳಿಯುವ ಗಿಡ್ಡ ಏರಿಯನ್ನೂ ಅದು ಕಾಲು ಇಳಿಬಿಟ್ಟೇ ಇಳಿಯುತ್ತದೆ. ಇದು ಸೋಮಾರಿತನ ಅಲ್ಲ, ಅಂಜಿಕೆಯೂ ಅಲ್ಲ. ಅದರ ಮೈ ಕಟ್ಟಿರುವ ಬಗೆಯೇ ಹಾಗೆ.

ಪ್ರಾಣಿಯ ಕಾಲು ನೆಲ ಬಿಡುತ್ತದೋ ಇಲ್ಲವೋ ಎಂಬ ಪ್ರಶ್ನೆಗೂ ಸಿನಿಮಾಕ್ಕೂ ಹುಟ್ಟಿನಿಂದಲೇ ನಂಟು. ಓಡುವ ಕುದುರೆಯ ನಾಲ್ಕೂ ಗೊರಸು ಒಂದೇ ಹೊತ್ತಿಗೆ ಗಾಳಿಯಲ್ಲಿ ಇರುತ್ತವೆಯೇ ಎಂದು ಹತ್ತೊಂಬತ್ತನೇ ಶತಮಾನದಲ್ಲಿ ದೊಡ್ಡ ವಾದವಿತ್ತು. 1878ರಲ್ಲಿ ಎಡ್ವರ್ಡ್ ಮೈಬ್ರಿಜ್ ಕ್ಯಾಲಿಫೋರ್ನಿಯಾದ ಕುದುರೆ ಓಟದ ಹಾದಿಯ ಪಕ್ಕ ಸಾಲಾಗಿ ಕ್ಯಾಮೆರಾ ಇಟ್ಟು ತೆಗೆದ ಚಿತ್ರಗಳು ‘ಹೌದು’ ಎಂದವು. ಆ ಚಿತ್ರಗಳನ್ನು ಒಂದರ ಹಿಂದೊಂದು ಓಡಿಸಿದರೆ ಕುದುರೆ ಪರದೆ ಮೇಲೆ ಓಡಿತು. ಚಲನಚಿತ್ರಕ್ಕೆ ದಾರಿ ತೆರೆದದ್ದು ಹೀಗೆ. 1887ರಲ್ಲಿ ಅವನು ಹೊರತಂದ ಪ್ರಾಣಿ ಚಲನೆಯ ದೊಡ್ಡ ಚಿತ್ರಸಂಗ್ರಹದಲ್ಲಿ ಆನೆಯೂ ಇದೆ.

ಆನೆಯ ಮಟ್ಟಿಗೆ ವಾದ ಇನ್ನೂ ಒಂದು ಶತಮಾನ ಎಳೆಯಿತು. ಸಿಟ್ಟಿಗೆದ್ದ ಆನೆ ಅಟ್ಟಿಸಿಕೊಂಡು ಬಂದರೆ ಅದು ಓಡುತ್ತದೆ ಎಂದೇ ಎಲ್ಲರೂ ಹೇಳುತ್ತೇವೆ. ಆದರೆ ಓಟ ಎಂದರೇನು? ಒಂದು ಗಳಿಗೆಯಾದರೂ ಮೈ ಪೂರ್ತಿ ಗಾಳಿಯಲ್ಲಿದ್ದರೆ ಮಾತ್ರ ಓಟ ಎಂಬುದು ಹಳೆಯ ವ್ಯಾಖ್ಯೆ. ಜಾನ್ ಹಚಿನ್ಸನ್ ಮತ್ತು ಸಂಗಡಿಗರು ಥಾಯ್ಲೆಂಡಿನಲ್ಲಿ 42 ಏಷ್ಯಾ ಆನೆಗಳ ಕೀಲುಗಳ ಮೇಲೆ ಬಣ್ಣದ ಚುಕ್ಕೆ ಇಟ್ಟು, ಅವನ್ನು ಜೋರಾಗಿ ಓಡಿಸಿ ಚಿತ್ರೀಕರಿಸಿದರು. 2003ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂದ ಫಲಿತಾಂಶ ಹೀಗಿತ್ತು: ಅತಿ ವೇಗ ಸೆಕೆಂಡಿಗೆ 6.8 ಮೀಟರ್, ಅಂದರೆ ಗಂಟೆಗೆ ಸುಮಾರು 25 ಕಿಲೋಮೀಟರ್. ಆ ವೇಗದಲ್ಲೂ ಒಂದು ಕಾಲಾದರೂ ನೆಲದ ಮೇಲೆ ಇದ್ದೇ ಇತ್ತು. ಕಾಲು ಹಾಕುವ ಕ್ರಮವೂ ನಡಿಗೆಯದ್ದೇ. ಆದರೂ ಚುಕ್ಕೆಗಳ ಚಲನೆ ನೋಡಿದರೆ ಹಿಂಗಾಲುಗಳು ಓಟದಲ್ಲಿ ಆಗುವಂತೆ ಕುಸಿದು ಪುಟಿಯುತ್ತಿದ್ದವು. ಪಾದ ನಡೆಯುತ್ತಿದೆ, ಸೊಂಟ ಓಡುತ್ತಿದೆ ಎನ್ನುವಂಥ ಸ್ಥಿತಿ.

ಆ ವೇಗ ಎಷ್ಟೆಂದು ನವುಲೆಯ ಕೆಎಸ್‌ಸಿಎ ಕ್ರಿಕೆಟ್ ಮೈದಾನದಲ್ಲಿ ಅಳೆಯಬಹುದು. 22 ಗಜದ ಪಿಚ್ ಎಂದರೆ 20.12 ಮೀಟರ್. ವೇಗ ಹಿಡಿದ ಆನೆಗೆ ಅದು ಮೂರೇ ಸೆಕೆಂಡಿನ ದಾರಿ. ಬ್ಯಾಟು ಹಿಡಿದು ಒಂದು ರನ್ ಕದಿಯುವ ಹುಡುಗನಿಗೂ ಹೆಚ್ಚುಕಮ್ಮಿ ಅಷ್ಟೇ ಹೊತ್ತು ಬೇಕು. ಜಿಗಿಯಲಾರದ ಪ್ರಾಣಿ ನಿಧಾನದ ಪ್ರಾಣಿ ಎಂದುಕೊಂಡವರು ಕಾಡಂಚಿನಲ್ಲಿ ಪೆಟ್ಟು ತಿನ್ನುತ್ತಾರೆ.

ಇನ್ನು ಜಿಗಿತಕ್ಕೆ ಬರೋಣ. 60 ಸೆಂಟಿಮೀಟರ್ ಎತ್ತರದ, 40 ಕಿಲೋ ತೂಗುವ ಒಂದು ನಾಯಿಯನ್ನು ತೆಗೆದುಕೊಳ್ಳಿ. ಉದ್ದ, ಅಗಲ, ಎತ್ತರ ಮೂರನ್ನೂ ನಾಲ್ಕು ಪಟ್ಟು ಹಿಗ್ಗಿಸಿ. ಎತ್ತರ 2.4 ಮೀಟರ್ ಆಯಿತು. ತೂಕ ಮಾತ್ರ ನಾಲ್ಕು ಪಟ್ಟಲ್ಲ, ನಾಲ್ಕು ನಾಲ್ಕಲ ಹದಿನಾರು, ಹದಿನಾರು ನಾಲ್ಕಲ ಅರವತ್ತನಾಲ್ಕು ಪಟ್ಟು: 2,560 ಕಿಲೋ. ಇದು ಕಲ್ಪನೆಯ ಅಂಕಿ ಏನಲ್ಲ, ಏಷ್ಯಾದ ಹೆಣ್ಣಾನೆಯ ಎತ್ತರ, ತೂಕ ಹೆಚ್ಚುಕಡಿಮೆ ಇಷ್ಟೇ. ಆದರೆ ಕಾಲಿನ ಮೂಳೆ ಎಷ್ಟು ಭಾರ ತಡೆಯುತ್ತದೆ ಎಂಬುದು ಅದನ್ನು ಅಡ್ಡ ಕೊಯ್ದರೆ ಕಾಣುವ ವಿಸ್ತೀರ್ಣದ ಮೇಲೆ ನಿಂತಿದೆ, ಆ ವಿಸ್ತೀರ್ಣ ಹೆಚ್ಚಿದ್ದು ಬರೀ 16 ಪಟ್ಟು. ಅಂದರೆ ಹಿಗ್ಗಿದ ನಾಯಿಯ ಮೂಳೆಯ ಪ್ರತಿ ಚದರ ಸೆಂಟಿಮೀಟರಿನ ಮೇಲೂ ನಾಲ್ಕು ಪಟ್ಟು ಒತ್ತಡ, ಅದೂ ಸುಮ್ಮನೆ ನಿಂತಾಗ. ಈ ತರ್ಕವನ್ನು ಗೆಲಿಲಿಯೊ 1638ರಷ್ಟು ಹಿಂದೆಯೇ ಬರೆದಿಟ್ಟ. ಸಣ್ಣ ಪ್ರಾಣಿಯನ್ನು ಸುಮ್ಮನೆ ಹಿಗ್ಗಿಸಿ ದೊಡ್ಡ ಪ್ರಾಣಿ ಮಾಡಲಾಗದು, ಅಚ್ಚನ್ನೇ ಬದಲಿಸಬೇಕು.

ಆನೆಯಲ್ಲಿ ಅಚ್ಚು ಬದಲಾಗಿದೆ. ನಾಯಿಯ ಕಾಲು ಮಂಡಿಯಲ್ಲೂ ಹಿಮ್ಮಡಿಯಲ್ಲೂ ಮಡಚಿ ನಿಂತಿರುತ್ತದೆ, ಆ ಮಡಿಕೆಯೇ ಜಿಗಿತದ ಸ್ಪ್ರಿಂಗು. ಆನೆಯ ಕಾಲು ನೆಟ್ಟಗೆ, ಮೂಳೆಯ ಮೇಲೆ ಮೂಳೆ ಕೂತು ಭಾರ ಸೀದಾ ನೆಲಕ್ಕೆ ಇಳಿಯುತ್ತದೆ. ಪಾದದೊಳಗೆ ಬೆರಳುಗಳು ಓರೆಯಾಗಿ ನಿಂತಿವೆ, ಅವುಗಳ ಹಿಂದೆ ದಪ್ಪನೆಯ ಕೊಬ್ಬಿನ ದಿಂಬು. ನೋಡುವವರಿಗೆ ಚಪ್ಪಟೆ ಪಾದ, ಒಳಗೆ ಆನೆ ತುದಿಗಾಲಲ್ಲಿದೆ. ಆ ದಿಂಬಿಗೆ ಒತ್ತು ಕೊಡುವ ಆರನೇ ಬೆರಳಿನಂಥ ಮೂಳೆಯೊಂದಿದೆ. ಅದು ಹದಿನೆಂಟನೇ ಶತಮಾನದ ಆರಂಭದಲ್ಲೇ ಕಣ್ಣಿಗೆ ಬಿದ್ದಿದ್ದರೂ, ಭಾರ ಹೊರುವ ಕೆಲಸ ಮಾಡುತ್ತದೆ ಎಂದು ಹಚಿನ್ಸನ್ ತಂಡವೇ 2011ರಲ್ಲಿ ತೋರಿಸಿತು. ಬಹುತೇಕ ನಾಲ್ಕು ಕಾಲಿನ ಪ್ರಾಣಿಗಳಲ್ಲಿ ಮುಂಗಾಲು ಹೆಚ್ಚಾಗಿ ಬ್ರೇಕು, ಹಿಂಗಾಲು ಹೆಚ್ಚಾಗಿ ಎಂಜಿನ್ನು. ಆನೆಯ ನಾಲ್ಕು ಕಾಲೂ ಎರಡೂ ಕೆಲಸ ಮಾಡುತ್ತವೆ, ಫೋರ್ ವೀಲ್ ಡ್ರೈವ್ ಜೀಪಿನಂತೆ.

ಶೆಪ್ ತನ್ನ ಭುಜದಷ್ಟು ಎತ್ತರ, 2.4 ಮೀಟರ್, ಜಿಗಿದು ಇಳಿಯಿತು ಎನ್ನಿ. ನೆಲ ಮುಟ್ಟುವಾಗ ವೇಗ ಗಂಟೆಗೆ 25 ಕಿಲೋಮೀಟರ್. ನೆಟ್ಟಗಿನ ಕಾಲು 30 ಸೆಂಟಿಮೀಟರಿನಷ್ಟು ಕುಸಿದು ಆ ವೇಗವನ್ನು ನುಂಗಬೇಕು ಎಂದಾದರೆ, ಸರಾಸರಿ ಬಲ ಮೈತೂಕದ ಒಂಬತ್ತು ಪಟ್ಟು. 23 ಟನ್ ಹೊರೆ ಒಂದು ಕ್ಷಣಕ್ಕೆ ಆ ಕಾಲುಗಳ ಮೇಲೆ ಬೀಳುತ್ತದೆ. ಮೂಳೆ ಮುರಿಯುವ ವ್ಯವಹಾರ ಇದು. ಕಂಪ್ಯೂಟರಿನ ಆನೆಗೆ ಮೂಳೆ ಇಲ್ಲ, ಹಾಗಾಗಿ ಅದು ಬಚಾವು.

ಈ ಲೆಕ್ಕದ ಮೇಲೆ ನಮ್ಮ ಅರಣ್ಯ ಇಲಾಖೆಯ ಕೆಲಸವೂ ನಿಂತಿದೆ. ಕರ್ನಾಟಕದ ಕಾಡಂಚಿನ ಊರುಗಳಲ್ಲಿ ತೋಡಿರುವ ಆನೆ ಕಂದಕವನ್ನು ನೋಡಿ. ಸುಮಾರು ಮೂರು ಮೀಟರ್ ಅಗಲ, ಅಷ್ಟೇ ಆಳ. ಜಿಂಕೆ ಒಂದೇ ನೆಗೆತಕ್ಕೆ ದಾಟಬಲ್ಲ ಅಗಲ ಅದು. ಹಲವು ಟನ್ನಿನ ಸಲಗ ಅಲ್ಲಿ ನಿಂತುಬಿಡುತ್ತದೆ. ಜಿಗಿಯಲಾಗದ ಪ್ರಾಣಿ ತಲೆ ಓಡಿಸುತ್ತದೆ ಎಂಬುದು ಬೇರೆ ಮಾತು: ಅಂಚಿನ ಮಣ್ಣನ್ನು ಕಾಲಿನಿಂದ ಕೆಡವಿ, ಕಂದಕ ತುಂಬಿಸಿ, ನಡೆದುಕೊಂಡೇ ಆಚೆ ಹೋಗುತ್ತದೆ.

ಸಿನಿಮಾದವರ ಕಷ್ಟ ಇನ್ನೊಂದು ಬಗೆಯದ್ದು. ನಡೆಯಲಾರದ್ದನ್ನು ನಡೆದಂತೆ ತೋರಿಸಬೇಕು, ನೋಡುವವರ ಕಣ್ಣು ಒಪ್ಪಬೇಕು. ಗುರುತ್ವ ನಾಯಿ, ಆನೆ ಎಂದು ಭೇದ ಮಾಡುವುದಿಲ್ಲ. ನಾಯಿ ತನ್ನ ಎತ್ತರದಷ್ಟು, 60 ಸೆಂಟಿಮೀಟರ್, ಜಿಗಿದು ಬರಲು 0.7 ಸೆಕೆಂಡು. ಆನೆ ತನ್ನ ಎತ್ತರದಷ್ಟು ಜಿಗಿದು ಬರಲು 1.4 ಸೆಕೆಂಡು. ಎತ್ತರ ನಾಲ್ಕು ಪಟ್ಟಾದರೆ ಕಾಲ ಅದರ ವರ್ಗಮೂಲದಷ್ಟು, ಅಂದರೆ ಎರಡು ಪಟ್ಟು. ಸಿನಿಮಾದಲ್ಲಿ ಸೆಕೆಂಡಿಗೆ 24 ಚೌಕಟ್ಟು. ನಾಯಿಯ ಜಿಗಿತಕ್ಕೆ 17 ಚೌಕಟ್ಟು ಸಾಕಾದರೆ, ಆನೆಗೆ 34 ಬೇಕು. ನಾಯಿಯ ಚಲನೆಯನ್ನು ಹಾಗೇ ನಕಲು ಮಾಡಿ ಆನೆಯ ಮೈಗೆ ತೊಡಿಸಿದರೆ ತೆರೆಯ ಮೇಲೆ ಕಾಣುವುದು ಆಟಿಕೆ ಆನೆ. ಹಳೆಯ ಸಿನಿಮಾಗಳಲ್ಲಿ ಪುಟ್ಟ ಮಾದರಿ ಅಣೆಕಟ್ಟು ಒಡೆದು ನೀರು ನುಗ್ಗಿಸಿ, ಅದನ್ನು ವೇಗವಾಗಿ ಓಡುವ ಕ್ಯಾಮೆರಾದಲ್ಲಿ ಹಿಡಿದು ನಿಧಾನವಾಗಿ ತೋರಿಸುತ್ತಿದ್ದದ್ದೂ ಇದೇ ಸೂತ್ರದಿಂದ. 1967ರ ಕಾರ್ಟೂನಿಗೆ ಈ ತಲೆನೋವು ಇರಲಿಲ್ಲ. ಕಡಿಮೆ ಚಿತ್ರಗಳಲ್ಲಿ ಕಡಿಮೆ ಖರ್ಚಿನಲ್ಲಿ ಮುಗಿಸಿದ ಗೆರೆಯಾನೆಗೆ ತೂಕ ಇರಬೇಕೆಂದು ಯಾರೂ ಬಯಸಲಿಲ್ಲ. ಅದೇ ಆನೆಗೆ ಚರ್ಮ, ಸುಕ್ಕು, ನೆರಳು ಬಂದ ಕೂಡಲೇ ಕಣ್ಣು ತೂಕ ಕೇಳುತ್ತದೆ.

ಬಳ್ಳಿಯ ಪ್ರಸಂಗದಲ್ಲೂ ಹೀಗೇ. ಮಲೆನಾಡಿನ ಕಾಡಿನ ದಪ್ಪ ಬಳ್ಳಿಗಳು ಬೇರು ಬಿಡುವುದು ನೆಲದಲ್ಲಿ, ಹಬ್ಬುವುದು ಮೇಲಕ್ಕೆ. ಬುಡ ಕಡಿಯದೆ ಅದರಲ್ಲಿ ತೂಗುವುದು ಕಷ್ಟ. ಮೇಲಿಂದ ಇಳಿದು ನೆಲ ಮುಟ್ಟದೆ ತೂಗುವುದು ಆಲದ ಬಿಳಲು, ಜಾರ್ಜ್‌ಗೆ ಅದೇ ಸರಿ. ಹತ್ತು ಮೀಟರ್ ಉದ್ದದ ಬಿಳಲನ್ನು ಲಂಬದಿಂದ 60 ಡಿಗ್ರಿ ಓರೆಗೆ ಎಳೆದು ಹಿಡಿದು ಕಾಲು ಬಿಟ್ಟರೆ, ತಳಕ್ಕೆ ಬರುವಾಗ ವೇಗ ಗಂಟೆಗೆ 36 ಕಿಲೋಮೀಟರ್. ಆಗ ಕೈ ತಡೆಯಬೇಕಾದ ಭಾರ ಮೈತೂಕದ ಎರಡು ಪಟ್ಟು. ಬಿಳಲು ಉದ್ದವಿರಲಿ ಗಿಡ್ಡವಿರಲಿ, ಈ ಎರಡು ಪಟ್ಟು ಬದಲಾಗದು, ಓರೆ ಹೆಚ್ಚಿದರೆ ಮಾತ್ರ ಏರುತ್ತದೆ. 80 ಕಿಲೋ ತೂಗುವವನು ಒಂದೇ ಕೈಯಲ್ಲಿ 160 ಕಿಲೋ ಹಿಡಿದಿರಬೇಕು, ಇನ್ನೊಂದು ಕೈಯಲ್ಲಿ ನಾಯಕಿಯನ್ನೂ ಎತ್ತಿಕೊಂಡರೆ ಲೆಕ್ಕ ಕೇಳಬೇಡಿ. ತಳದಲ್ಲೇ ಮರ ಅಡ್ಡ ಬಂದು, ಮೈ ಹತ್ತು ಸೆಂಟಿಮೀಟರಿನೊಳಗೆ ನಿಂತರೆ ಪೆಟ್ಟು ಮೈತೂಕದ 50 ಪಟ್ಟು. ಕಾರ್ಟೂನಿನ ಜಾರ್ಜ್ ತಲೆ ಕೊಡವಿ ಎದ್ದು ನಿಲ್ಲುತ್ತಾನೆ. ಮನುಷ್ಯ ಎದ್ದರೆ ಆಸ್ಪತ್ರೆಯಲ್ಲಿ.

ತೂಗಾಡಿಯೇ ಬದುಕುವ ಪ್ರಾಣಿಗಳು ನಮ್ಮ ದೇಶದಲ್ಲಿಲ್ಲದೆ ಇಲ್ಲ. ಈಶಾನ್ಯ ಭಾರತದ ಹೂಲಾಕ್ ಗಿಬ್ಬನ್‌ಗಳು ಕೈಯಿಂದ ಕೈಗೆ ಕೊಂಬೆ ಹಿಡಿದು ಲೋಲಕದ ಲಯದಲ್ಲೇ ಸಾಗುತ್ತವೆ. ಅವುಗಳ ತೋಳು ಕಾಲಿಗಿಂತ ಉದ್ದ, ಮೈ ಏಳೆಂಟು ಕಿಲೋ ಮಾತ್ರ. ನಮ್ಮ ಶರಾವತಿ ಕಣಿವೆಯ ಸಿಂಗಳೀಕ ಆ ಜಾತಿಯದ್ದಲ್ಲ, ಅದು ನಾಲ್ಕು ಕಾಲಲ್ಲಿ ಕೊಂಬೆ ಮೇಲೆ ನಡೆದು, ನೆಗೆದು ದಾಟುವ ಕೋತಿ.

ಕಾರ್ಟೂನಿನಲ್ಲಿ ಇಷ್ಟೆಲ್ಲ ತಪ್ಪಿದ್ದರೂ ಮಕ್ಕಳು ನಗುವುದೇಕೆ? ತಪ್ಪು ಎಂದು ಅವರಿಗೆ ಮೊದಲೇ ಗೊತ್ತಿರುವುದರಿಂದ. 1985ರಲ್ಲಿ ರೆನೆ ಬೈಯಾರ್ಜಿಯಾನ್, ಎಲಿಜಬೆತ್ ಸ್ಪೆಲ್ಕಿ ಮತ್ತು ಸ್ಟ್ಯಾನ್ಲಿ ವಾಸರ್‌ಮನ್ ಐದು ತಿಂಗಳ ಕೂಸುಗಳ ಮುಂದೆ ಒಂದು ಹಲಗೆಯನ್ನು ಹಿಂದಕ್ಕೆ ಮಲಗಿಸಿ ತೋರಿಸಿದರು. ಹಿಂದೆ ಪೆಟ್ಟಿಗೆ ಇದ್ದರೂ ಹಲಗೆ ಅದರೊಳಗೇ ತೂರಿಹೋದಂತೆ ಕಂಡಾಗ ಕೂಸುಗಳು ಹೆಚ್ಚು ಹೊತ್ತು ದಿಟ್ಟಿಸಿದವು. ಒಂದು ಗಟ್ಟಿ ವಸ್ತುವಿನೊಳಗೆ ಇನ್ನೊಂದು ಹೋಗದು ಎಂಬ ನಿರೀಕ್ಷೆ ಮಾತು ಬರುವ ಮೊದಲೇ ಬಂದಿರುತ್ತದೆ. ಸ್ವೀಡನ್ನಿನ ಗುನ್ನಾರ್ ಯೊಹಾನ್ಸನ್ 1973ರಲ್ಲಿ ಕತ್ತಲಲ್ಲಿ ನಡೆಯುವವರ ಕೀಲುಗಳಿಗೆ ಹತ್ತು ಹನ್ನೆರಡು ಬೆಳಕಿನ ಚುಕ್ಕೆಗಳನ್ನಷ್ಟೇ ಕಟ್ಟಿ ತೋರಿಸಿದಾಗ, ನೋಡಿದವರು ಅರೆಕ್ಷಣದಲ್ಲೇ ಅದು ಮನುಷ್ಯನ ನಡಿಗೆ ಎಂದು ಗುರುತಿಸಿದರು. ನಮ್ಮ ಕಣ್ಣು ನಡಿಗೆಯ ಪರಿಣತ. ಅದನ್ನು ಬೇಕೆಂದೇ ಕೆಣಕುವುದು ಕಾರ್ಟೂನಿನ ತಮಾಷೆ. ಆನೆಯನ್ನೇ ಕಾಣದ ಮಗುವಿಗೆ ಶೆಪ್ ಬರೀ ಬೂದು ಬಣ್ಣದ ಪ್ರಾಣಿ. ಬಿಡಾರದಲ್ಲಿ ಆನೆ ಅಳೆದು ಹೆಜ್ಜೆಯಿಡುವುದನ್ನು ಕಂಡ ಶಿವಮೊಗ್ಗದ ಮಗುವಿಗೆ ಅದೇ ಶೆಪ್ ಹೊಟ್ಟೆ ಹುಣ್ಣಾಗಿಸುವ ನಗೆ.

ಆನೆಯ ನಿಜವಾದ ನಡೆ ಜಗತ್ತಿನ ತೆರೆಗೆ ಹೋದದ್ದರಲ್ಲಿ ನಮ್ಮ ನಾಡಿನ ಪಾಲು ದೊಡ್ಡದು. ಮೈಸೂರು ಸೀಮೆಯ ಕಾರಾಪುರದಲ್ಲಿ 1924ರಲ್ಲಿ ಹುಟ್ಟಿದ ಮಾವುತನ ಮಗ ಸಾಬು, 1937ರಲ್ಲಿ ತೆರೆಕಂಡ ‘ಎಲಿಫೆಂಟ್ ಬಾಯ್’ ಚಿತ್ರದಿಂದ ಹಾಲಿವುಡ್‌ವರೆಗೂ ಹೋದ. ರಾಬರ್ಟ್ ಫ್ಲಾಹರ್ಟಿ ಮೈಸೂರಿನ ಕಾಡಿನಲ್ಲೇ ಚಿತ್ರೀಕರಿಸಿದ ಆ ಆನೆಗಳಲ್ಲಿ ಒಂದೂ ಜಿಗಿಯುವುದಿಲ್ಲ, ಆದರೂ ಸಾಬು ಅವುಗಳ ಮೇಲೆ ಹತ್ತುವುದನ್ನು ನೋಡಲು ಜನ ಮುಗಿಬಿದ್ದರು.

ಮುಂದಿನ ಸಲ ಸಕ್ರೆಬೈಲಿಗೆ ಹೋದರೆ ಸೆಲ್ಫಿಗೆ ಮೊದಲು ಮೊಬೈಲಿನ ಸ್ಲೋ ಮೋಷನ್ ಒತ್ತಿ, ದೂರ ನಿಂತು ಆನೆ ನಡೆಯುವುದನ್ನು ಪಕ್ಕದಿಂದ ಹಿಡಿಯಿರಿ. ಕಾಲು ಬೀಳುವ ಕ್ರಮ ಎಣಿಸಿ: ಎಡ ಹಿಂಗಾಲು, ಎಡ ಮುಂಗಾಲು, ಬಲ ಹಿಂಗಾಲು, ಬಲ ಮುಂಗಾಲು. ಆಮೇಲೆ ಮನೆಗೆ ಬಂದು ಬೀದಿ ನಾಯಿ ಕುಕ್ಕೋಟ ಓಡುವುದನ್ನು ಹಾಗೇ ಹಿಡಿದು ನೋಡಿ. ಅಲ್ಲಿ ಎಡ ಮುಂಗಾಲಿನ ಜೊತೆ ಏಳುವುದು ಬಲ ಹಿಂಗಾಲು. ಎರಡು ವಿಡಿಯೊ ಅಕ್ಕಪಕ್ಕ ಇಟ್ಟರೆ ಡಿಸ್ನಿಯವರು ಯಾವ ಚೌಕಟ್ಟಿನಲ್ಲಿ ತಾಯ್ ಆನೆಯನ್ನು ಬಿಟ್ಟು ಕಂಪ್ಯೂಟರನ್ನು ಹಿಡಿದರು ಎಂದು ಮಕ್ಕಳೇ ಹೇಳುತ್ತಾರೆ.